ಮೀಸಲು ಪಡೆಗೆ ಅಷ್ಟು ದೊಡ್ಡ ನೆಲವೇಕೆ?

ಪ್ರಶ್ನೆ: ಅಮೆರಿಕದ ನ್ಯಾಷನಲ್ ಗಾರ್ಡ್‌ನ ಅರೆಕಾಲಿಕ ಸೈನಿಕರ ತರಬೇತಿಗೆ ಲಕ್ಷ ಎಕರೆ ಕಾಡು ಬೇಕೇ?
– ಓದುಗರೊಬ್ಬರು, ಧಾರವಾಡ

ಉತ್ತರ: ವಿಶಾಲ ನೆಲವಂತೂ ಬೇಕು. ಈ ಸೈನಿಕರು ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ ಹಾಗೂ ವರ್ಷಕ್ಕೆ ಸುಮಾರು 15 ದಿನ ಮಾತ್ರ ಅಭ್ಯಾಸಕ್ಕೆ ಸೇರುವುದರಿಂದ, ಟ್ಯಾಂಕು, ಫಿರಂಗಿ, ಕಾಲಾಳುಗಳು ಒಟ್ಟಾಗಿ ಚಲಿಸುವುದನ್ನು ಆ ಅಲ್ಪಾವಧಿಯಲ್ಲೇ ಕಲಿಯಬೇಕು; ಕಿರಿದಾದ ಮೈದಾನದಲ್ಲಿ ಅದು ಆಗದು. ಮಿಸಿಸಿಪ್ಪಿ ರಾಜ್ಯದಲ್ಲಿ 1917ರಲ್ಲಿ ಸ್ಥಾಪನೆಯಾದ ಕ್ಯಾಂಪ್ ಶೆಲ್ಬಿ ಎಂಬ ಇಂಥ ತರಬೇತಿ ನೆಲೆಯ ವಿಸ್ತಾರ 1,30,000 ಎಕರೆಗೂ ಹೆಚ್ಚು. ಆದರೆ ಅದರ ಬಹುಭಾಗ ಡಿ ಸೋಟೊ ರಾಷ್ಟ್ರೀಯ ಅರಣ್ಯದ್ದು. ಸೇನೆ ಅದನ್ನು ಅನುಮತಿ ಪಡೆದು ಬಳಸುತ್ತದೆ. ಅಲ್ಲಿ ಬಿಲ ತೋಡಿ ಬದುಕುವ ಗೋಫರ್ ಆಮೆಗೆ 1987ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ಭಾರೀ ವಾಹನಗಳಡಿ ಆ ಬಿಲಗಳು ಕುಸಿಯಬಲ್ಲವಾದ್ದರಿಂದ, ಇಂಥ ನೆಲೆಯನ್ನು ಅಭಿವೃದ್ಧಿಪಡಿಸುವವರು ಟ್ಯಾಂಕುಗಳ ಹಾದಿಯನ್ನು ಮೊದಲೇ ಗುರುತಿಸಿ, ಪರಿಸರ ಪರಿಣಾಮದ ವರದಿಯನ್ನು ಜನರ ಮುಂದಿಡಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ.