ಜೋನಿ ಬೆಲ್ಲದ ಬ್ರೌನಿ ಯಾಕೆ ಮುದ್ದೆಯಾಗುತ್ತೆ? ಚಾಕೊಲೇಟ್ ತಿಂಡಿ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷ್ಯ, ಸಕ್ಕರೆ ಬಿಟ್ಟು ಬೆಲ್ಲ, ಖರ್ಜೂರ, ಜೇನುತುಪ್ಪ ಹಾಕಿ ಮನೆಯಲ್ಲೇ ಚಾಕೊಲೇಟ್ ತಿಂಡಿ ಮಾಡೋದು. ಸಾಮಾನು ಕಮ್ಮಿ ಇರ್ಬೇಕು, ಮನೇಲಿ ಓವನ್ ಇಲ್ಲ, ಮಕ್ಕಳು ಮುಖ ಸಿಂಡರಿಸದೆ ತಿನ್ಬೇಕು, ಜೊತೆಗೆ ಆರೋಗ್ಯಕ್ಕೂ ಒಳ್ಳೇದಾಗ್ಬೇಕು ಅಂತಾರೆ. ಎಲ್ಲದಕ್ಕೂ ಹೂಂ ಅನ್ನೋಕಾಗಲ್ಲ, ಆದ್ರೆ ಬಹುಪಾಲಿಗೆ ದಾರಿ ಇದೆ.

ಸಕ್ಕರೆ ಬದಲು ಅಷ್ಟೇ ಅಳತೆ ಜೋನಿ ಬೆಲ್ಲ (ದ್ರವ ಬೆಲ್ಲ), ಮೈದಾ ಬದಲು ರಾಗಿ ಹಿಟ್ಟು ಹಾಕಿ ಕೋಕೋ ಬ್ರೌನಿ ಮಾಡಿದ್ದೆ. ಮೇಲೆ ಕಪ್ಪಾಯ್ತು, ಒಳಗೆ ಅಂಟಂಟು, ಕತ್ತರಿಸೋಕೆ ಹೋದ್ರೆ ಮುದ್ದೆ. ಎಲ್ಲಿ ಎಡವಟ್ಟಾಯ್ತು? ಏನೇ ಆದ್ರೂ ಸಕ್ಕರೆಗಿಂತ ಇದು ಒಳ್ಳೇದೇ ಅಲ್ವಾ? (ಸಾಗರದ ಓದುಗರು)

ಎರಡನೇ ಪ್ರಶ್ನೆಗೆ ಮೊದ್ಲು ಉತ್ತರ ಹೇಳ್ಬಿಡ್ತೀನಿ, ಯಾಕಂದ್ರೆ ಇದನ್ನ ಕೇಳಿ ಸುಮಾರು ಜನ ಬೇಜಾರು ಮಾಡ್ಕೋತಾರೆ. ಬೆಲ್ಲನೂ ಸಕ್ಕರೆನೇ. 100 ಗ್ರಾಂ ಸಕ್ಕರೆಯಲ್ಲಿ 387 ಕ್ಯಾಲರಿ ಇದ್ರೆ ಗಟ್ಟಿ ಬೆಲ್ಲದಲ್ಲೂ ಹೆಚ್ಚುಕಮ್ಮಿ ಅಷ್ಟೇ, ಜೋನಿ ಬೆಲ್ಲದಲ್ಲಿ ಸ್ವಲ್ಪ ಕಮ್ಮಿ ಕಾಣುತ್ತೆ, ಅದು ನೀರು ಇರೋದ್ರಿಂದ, ಬೇರೆ ಮಹಿಮೆ ಏನಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ದಿನದ ಒಟ್ಟು ಕ್ಯಾಲರಿಯಲ್ಲಿ ಹೀಗೆ ಸೇರಿಸೋ ಸಕ್ಕರೆಯ ಪಾಲು ಶೇ 10ರ ಒಳಗಿರ್ಬೇಕು, ಶೇ 5ಕ್ಕಿಂತ ಕಮ್ಮಿ ಆದ್ರೆ ಇನ್ನೂ ಒಳ್ಳೇದು ಅಂತ. ಶೇ 5 ಅಂದ್ರೆ ದೊಡ್ಡವರಿಗೆ ಸುಮಾರು 25 ಗ್ರಾಂ, ಆರು ಟೀ ಚಮಚದಷ್ಟು. ಆ ಲೆಕ್ಕದಲ್ಲಿ ಬೆಲ್ಲ, ಜೇನುತುಪ್ಪ ಎಲ್ಲಾ ಸೇರುತ್ತೆ. ಇಡೀ ಬಾಳೆಹಣ್ಣು, ಇಡೀ ಖರ್ಜೂರ ಸೇರಲ್ಲ, ಅವುಗಳ ಸಿಹಿ ನಾರಿನ ಜೊತೆಗೇ ಹೊಟ್ಟೆಗೆ ಹೋಗುತ್ತೆ. ಹಾಗಾಗಿ ನನ್ನ ಪ್ರಕಾರ ಯಾವ ಸಿಹಿ ಅನ್ನೋದಕ್ಕಿಂತ ಎಷ್ಟು ಸಿಹಿ ಅನ್ನೋದು ಮುಖ್ಯ, ಜೋನಿ ಬೆಲ್ಲವನ್ನ ರುಚಿಗೆ ಹಾಕಿ, ಔಷಧಿ ಅಂತ ಹಾಕ್ಬೇಡಿ.

ಈಗ ಬ್ರೌನಿ ವಿಷ್ಯ. ಸಕ್ಕರೆ ಒಣ ಸಾಮಾನು, ಜೋನಿ ಬೆಲ್ಲ ದ್ರವ, ಅಳತೆಗೆ ಅಳತೆ ಹಾಕಿದ್ರೆ ಹಿಟ್ಟಿಗೆ ನೀರು ಜಾಸ್ತಿ ಆಗೇ ಆಗುತ್ತೆ. ಒಂದು ಕಪ್ ಸಕ್ಕರೆ ಅಂತ ಬರೆದಿದ್ರೆ ಮುಕ್ಕಾಲು ಕಪ್ ಜೋನಿ ಬೆಲ್ಲ ಸಾಕು (ನಾನು ಅರ್ಧ ಕಪ್ಪೇ ಹಾಕೋದು), ಜೊತೆಗೆ ಹಾಲೋ ನೀರೋ ಏನಿದ್ಯೋ ಅದರಲ್ಲಿ ಮೂರ್ನಾಲ್ಕು ದೊಡ್ಡ ಚಮಚ ಕಮ್ಮಿ ಮಾಡಿ. ಬೆಲ್ಲ ಸಕ್ಕರೆಗಿಂತ ಬೇಗ ಕೆಂಪಾಗಿ ಸೀಯುತ್ತೆ, 180 ಡಿಗ್ರಿ ಅಂತಿದ್ರೆ 165ಕ್ಕೆ ಇಳಿಸಿ ಸ್ವಲ್ಪ ಹೆಚ್ಚು ಹೊತ್ತು ಬಿಡಿ. ರಾಗಿದು ಇನ್ನೊಂದು ಕಥೆ, ಅದರಲ್ಲಿ ಗ್ಲುಟನ್ ಇಲ್ಲ, ಹಿಟ್ಟನ್ನ ಹಿಡಿದಿಡೋಕೆ ಏನಾದ್ರೂ ಬೇಕು, ಮೇಲಾಗಿ ನೀರನ್ನ ನಿಧಾನಕ್ಕೆ ಕುಡಿಯುತ್ತೆ. ಕಲಸಿ ಇಪ್ಪತ್ತು ನಿಮಿಷ ಬಿಟ್ಟು ಆಮೇಲೆ ಸೋಡಾ ಹಾಕಿ. ಬೇಕಿಂಗ್ ಸೋಡಾ ಯಾಕಂದ್ರೆ ಬೆಲ್ಲಕ್ಕೂ ಮಾಮೂಲಿ ಕೋಕೋ ಪುಡಿಗೂ ಹುಳಿ ಗುಣ ಇದೆ, ಆ ಹುಳಿ ಜೊತೆ ಸೇರಿ ಅದು ಉಬ್ಬುತ್ತೆ. ಕೋಕೋ ಡಬ್ಬಿ ಮೇಲೆ ಡಚ್ ಪ್ರೋಸೆಸ್ಡ್, ಇಲ್ಲಾ ಆಲ್ಕಲೈಸ್ಡ್ ಅಂತ ಇದ್ರೆ ಆ ಹುಳಿ ತೆಗೆದಿರ್ತಾರೆ, ಅದಕ್ಕೆ ಬೇಕಿಂಗ್ ಪೌಡರೇ ಸರಿ.

ಇಷ್ಟೆಲ್ಲ ತಲೆನೋವು ಬೇಡ ಅನ್ನೋರಿಗೆ ಹಿಟ್ಟೇ ಇಲ್ಲದ ಬ್ರೌನಿ ಇದೆ. ಸಿಪ್ಪೆ ಕಪ್ಪಾಗೋಷ್ಟು ಕಳಿತ ಬಾಳೆಹಣ್ಣು ಕಿವುಚಿ ಒಂದು ಕಪ್, ಹುರಿದ ಶೇಂಗಾವನ್ನ ಮಿಕ್ಸಿಯಲ್ಲಿ ಎಣ್ಣೆ ಬಿಡೋ ತನಕ ತಿರುವಿದ ಪೇಸ್ಟ್ ಅರ್ಧ ಕಪ್, ಸಿಹಿ ಇಲ್ಲದ ಕೋಕೋ ಪುಡಿ ಕಾಲು ಕಪ್, ಚಿಟಿಕೆ ಉಪ್ಪು. ಬೇಕಂದ್ರೆ ಎರಡು ಚಮಚ ಜೋನಿ ಬೆಲ್ಲ. ಪುಟ್ಟಬಾಳೆ ಒಳ್ಳೆ ಘಮ ಕೊಡುತ್ತೆ. ಓವನ್ ಇದ್ರೆ 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ, ಇಲ್ಲಾಂದ್ರೆ ಕುಕ್ಕರಿಗೆ ಒಂದು ಪದರ ಉಪ್ಪು ಹಾಕಿ, ಗ್ಯಾಸ್ಕೆಟ್ ಮತ್ತೆ ವೆಯ್ಟ್ ಎರಡನ್ನೂ ತೆಗೆದು, ಹತ್ತು ನಿಮಿಷ ಕಾಯಿಸಿ, ಸ್ಟ್ಯಾಂಡ್ ಮೇಲೆ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಅರ್ಧ ಗಂಟೆ ಮೇಲೆ. ಬಿಸಿ ಇರೋವಾಗ ಮೆತ್ತಗೇ ಇರುತ್ತೆ, ಬೆಂದಿಲ್ಲ ಅಂದ್ಕೊಂಡು ಮತ್ತೆ ಒಳಗೆ ಇಡ್ಬೇಡಿ, ಪೂರ್ತಿ ಆರಿದ ಮೇಲೆ ಕತ್ತರಿಸಿ. ಬೇಕರಿ ಬ್ರೌನಿ ಥರ ಮೇಲೆ ಹೊಳೆಯೋ ಪದರ ಬರಲ್ಲ, ಅದು ಸಕ್ಕರೆಯಿಂದಲೇ ಬರೋದು, ಆಸೆ ಬಿಡಿ.

ಚಾಕೊಲೇಟ್ ಕರಗಿಸಿ ಎರಡು ಚಮಚ ಜೇನುತುಪ್ಪ ಹಾಕಿದ ಕೂಡ್ಲೆ ಮರಳು ಮರಳಾಗಿ ಗಂಟು ಕಟ್ತು. ಬಿಸಾಡ್ಬೇಕಾ? (ವಿನೋಬನಗರ, ಶಿವಮೊಗ್ಗ)

ಬೇಡ ಬೇಡ. ಕರಗಿದ ಚಾಕೊಲೇಟ್ ಅಂದ್ರೆ ಕೊಬ್ಬಲ್ಲಿ ತೇಲೋ ಕೋಕೋ ಮತ್ತೆ ಸಕ್ಕರೆ ಕಣ, ಸ್ವಲ್ಪ ನೀರಿನಂಶ ಬಿದ್ರೂ ಆ ಕಣಗಳು ಒಂದಕ್ಕೊಂದು ಅಂಟ್ಕೊಂಡು ಗಟ್ಟಿಯಾಗುತ್ತೆ. ಜೇನುತುಪ್ಪದಲ್ಲೂ ನೀರಿದೆ. ತಮಾಷೆ ಅಂದ್ರೆ ಸರಿ ಮಾಡೋಕೆ ಇನ್ನೂ ನೀರೇ ಬೇಕು, ಬಿಸಿ ಹಾಲೋ ನೀರೋ ಒಂದೊಂದೇ ಚಮಚ ಹಾಕ್ತಾ ತಿರುವಿ, ನುಣ್ಣಗಾಗುತ್ತೆ. ಬಾರ್ ಆಗಲ್ಲ, ದೋಸೆಗೆ ಹಚ್ಕೊಂಡು ತಿನ್ನೋ ಸಾಸ್ ಆಗುತ್ತೆ. ಹಾಂ, ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಹಾಕಿದ್ದೇನೂ ಕೊಡ್ಬೇಡಿ, ಬೇಯಿಸಿದ್ರೂ ಬೊಟುಲಿಸಂ ಅನ್ನೋ ವಿಷಬಾಧೆಯ ಅಪಾಯ ಹೋಗಲ್ಲ.

ಅಪ್ಪನಿಗೆ ಶುಗರ್ ಇದೆ. ಖರ್ಜೂರ, ಕೋಕೋ, ಗೋಡಂಬಿ ಹಾಕಿ ಉಂಡೆ ಮಾಡಿದ್ದೀನಿ, ಸಕ್ಕರೆ ಹಾಕಿಲ್ವಲ್ಲ ಅಂತ ದಿನಾ ನಾಲ್ಕು ತಿಂತಾರೆ. ಪರವಾಗಿಲ್ವಾ? (ತೀರ್ಥಹಳ್ಳಿ)

ಪರವಾಗಿದೆ ಮಾರಾಯ್ರೆ, ದಿನಾ ನಾಲ್ಕು ಬೇಡ! ಒಂದು ದೊಡ್ಡ ಮೆಡ್ಜೂಲ್ ಖರ್ಜೂರದಲ್ಲೇ ಸುಮಾರು 16 ಗ್ರಾಂ ಸಕ್ಕರೆ ಇರುತ್ತೆ, ಉಂಡೆಗೆ ಒಂದು ಅಂತ ಹಿಡಿದ್ರೂ ನಾಲ್ಕಕ್ಕೆ 64 ಗ್ರಾಂ ಆಯ್ತು. ಅದು ಹಣ್ಣಿನ ಸಕ್ಕರೆ, ನಾರಿದೆ, ಎಲ್ಲಾ ನಿಜ, ಆದ್ರೆ ಗ್ಲುಕೋಮೀಟರ್‌ಗೆ ಆ ದಾಕ್ಷಿಣ್ಯ ಇಲ್ಲ. ಖರ್ಜೂರ ಅರ್ಧಕ್ಕೆ ಇಳಿಸಿ, ಆ ಜಾಗಕ್ಕೆ ಹುರಿದ ಎಳ್ಳು, ಶೇಂಗಾ, ಗೋಡಂಬಿ ತುಂಬಿ, ಉಂಡೆಯನ್ನ ಅಡಕೆ ಗಾತ್ರಕ್ಕೆ ಕಟ್ಟಿ, ಊಟ ಆದ್ಮೇಲೆ ಒಂದು ಕೊಡಿ, ಎರಡು ಗಂಟೆ ಬಿಟ್ಟು ಶುಗರ್ ನೋಡಿ, ಆ ನಂಬರ್ ಇಟ್ಕೊಂಡು ಡಾಕ್ಟರ್ ಹತ್ರ ಮಾತಾಡಿ. ರಾಗಿ ಹಾಕಿದ್ರೆ ಶುಗರಿನವರು ಎಷ್ಟು ಬೇಕಾದ್ರೂ ತಿನ್ಬಹುದು ಅನ್ನೋ ಮಾತೂ ಅಷ್ಟೇ, ನಂಬ್ಬೇಡಿ. ಅಂಗಡಿಯ ಶುಗರ್ ಫ್ರೀ ಚಾಕೊಲೇಟಲ್ಲಿ ಸಕ್ಕರೆ ಬದಲು ಹಾಕೋ ಮಾಲ್ಟಿಟಾಲ್ ಇದ್ಯಾ ನೋಡಿ, ಅದೂ ಶುಗರ್ ಸ್ವಲ್ಪ ಏರಿಸುತ್ತೆ, ಜಾಸ್ತಿ ತಿಂದ್ರೆ ಹೊಟ್ಟೆ ಕೆಡುತ್ತೆ.

ಅಡಕೆ ತೋಟದ ಮಧ್ಯ ಐದಾರು ಕೋಕೋ ಗಿಡ ಇವೆ, ಕಾಯಿ ಅರ್ಧ ಅಳಿಲಿಗೆ ಹೋಗುತ್ತೆ. ಉಳಿದದ್ದರಲ್ಲಿ ಮನೆಯಲ್ಲೇ ಚಾಕೊಲೇಟ್ ಮಾಡ್ಬಹುದಾ? (ಹೊಸನಗರ)

ಈ ಪ್ರಶ್ನೆ ನೋಡಿ ನಂಗೆ ಖುಷಿ ಆಯ್ತು. ನಮ್ಮ ಕಡೆ ಜನ ಕೋಕೋ ಕಾಯಿ ಒಡೆದು ಆ ಹುಳಿಸಿಹಿ ಬಿಳಿ ತಿರುಳನ್ನ ಚೀಪಿ ಬೀಜ ಉಗಿದು ಬರ್ತಾರೆ, ಇಲ್ಲಾ ಹಸಿ ಬೀಜ ಮಾರಿಬಿಡ್ತಾರೆ. 1973ರಲ್ಲಿ ಮಂಗಳೂರಲ್ಲಿ ಶುರುವಾದ ಅಡಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಲ್ಲಿ ಚಾಕೊಲೇಟ್ ಫ್ಯಾಕ್ಟರಿ ಹಾಕಿದ್ದೇ ಇಂಥ ಬೆಳೆಗಾರರ ಕೋಕೋ ನೆಚ್ಕೊಂಡು.

ಮಾಡ್ಬಹುದು, ಆದ್ರೆ ಹುದುಗು ಬರ್ಸೋದೇ ಕಷ್ಟ. ಚಾಕೊಲೇಟ್ ರುಚಿ ಹುಟ್ಟೋದೇ ಅಲ್ಲಿ. ಕಾಯಿ ಹಳದಿಗೆ ತಿರುಗಿದ ಮೇಲೆ ಒಡೆದು, ತಿರುಳು ಸಮೇತ ಬೀಜವನ್ನ ಬಾಳೆಎಲೆ ಹಾಸಿದ ಬುಟ್ಟಿಗೆ ತುಂಬಿ, ಮೇಲೆ ಎಲೆ, ಗೋಣಿ ಮುಚ್ಚಿ ಐದಾರು ದಿನ ಬಿಡ್ಬೇಕು, ಎರಡು ದಿನಕ್ಕೊಮ್ಮೆ ಕೆಳಗಿನದು ಮೇಲೆ ಮಾಡ್ಬೇಕು. ದೊಡ್ಡ ರಾಶಿ ತಾನೇ 45ರಿಂದ 50 ಡಿಗ್ರಿ ತನಕ ಬಿಸಿಯಾಗುತ್ತೆ, ಎರಡ್ಮೂರು ಕೆಜಿ ಆಗಲ್ಲ, ಅದಕ್ಕೆ ಬುಟ್ಟಿಯನ್ನ ಬಚ್ಚಲ ಒಲೆ ಹತ್ರ ಬೆಚ್ಚಗಿರೋ ಜಾಗದಲ್ಲಿ ಇಡಿ. ಆಮೇಲೆ ಒಂದು ವಾರ ಬಿಸಿಲು. ಹೊಗೆ ಅಟ್ಟದ ಮೇಲೆ ಒಣಗಿಸೋ ಯೋಚ್ನೆ ಬೇಡ, ಬೀಜದಲ್ಲಿ ಅರ್ಧಕ್ಕರ್ಧ ಕೊಬ್ಬೇ ಇರೋದ್ರಿಂದ ಹೊಗೆ ವಾಸನೆ ಹಿಡ್ಕೊಂಡ್ರೆ ಹೋಗೋದೇ ಇಲ್ಲ. ಹಾಗಾಗಿ ಮಳೆಗಾಲದ ಕಾಯಿಗೆ ಕೈ ಹಾಕ್ಬೇಡಿ, ಆವಾಗ ಕಪ್ಪು ಕೊಳೆನೂ ಬರುತ್ತೆ, ಅಡಕೆ ಕೊಳೆರೋಗ ತರೋ ಫೈಟಾಫ್ತೊರಾ ಅನ್ನೋ ರೋಗಾಣು ಬಳಗದ್ದೇ ಅದು.

ಒಣಗಿದ್ದನ್ನ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಗೆ ಸಿಪ್ಪೆ ಚಟಪಟ ಅನ್ನೋ ತನಕ ಹುರಿದು, ಜಜ್ಜಿ, ಗೆರಸಿಯಲ್ಲಿ ಕೇರಿ. ಆಮೇಲೆ ಒಂದು ತೊಟ್ಟೂ ನೀರಿಲ್ಲದ ಗ್ರೈಂಡರಿಗೆ ಹಾಕಿ, ಕೆಲವು ಗಂಟೆ ತಿರುಗಿದ್ರೆ ಪೇಸ್ಟ್ ಆಗುತ್ತೆ, ಸಣ್ಣ ಚಾಕೊಲೇಟ್ ಕಂಪನಿಗಳು ಬಳಸೋದೂ ನಮ್ಮ ಇಡ್ಲಿ ಗ್ರೈಂಡರಿನ ತಮ್ಮನನ್ನೇ. ಸಿಹಿಗೆ ಜೋನಿ ಬೆಲ್ಲ ಆಗಲ್ಲ, ಮೇಲೆ ಹೇಳಿದ ಜೇನುತುಪ್ಪದ ಕಥೆಯೇ ಆಗುತ್ತೆ, ಚೆನ್ನಾಗಿ ಒಣಗಿಸಿದ ಬೆಲ್ಲದ ಪುಡಿಯೇ ಬೇಕು. ಅಂಗಡಿ ಬಾರ್ ಥರ ಟಕ್ ಅಂತ ಮುರಿಯೋದನ್ನ ನಿರೀಕ್ಷೆ ಮಾಡ್ಬೇಡಿ, ಪೇಸ್ಟನ್ನ ಬಿಲ್ಲೆ ಮಾಡಿಟ್ಕೊಂಡು ಬಿಸಿ ಹಾಲಿಗೆ ಏಲಕ್ಕಿ ಜೊತೆ ಹಾಕಿ ಕುಡಿದು ನೋಡಿ. ಅಂದಹಾಗೆ ಹಲಸಿನ ಬೀಜ ಎಸೀಬೇಡಿ, ಬ್ರೆಜಿಲಿನ ಸಂಶೋಧಕರು ಅದನ್ನ ಹುದುಗು ಬರಿಸಿ ಹುರಿದು ಚಾಕೊಲೇಟ್ ಪರಿಮಳ ತಂದು 2017ರಲ್ಲಿ ಪ್ರಕಟಿಸಿದ್ದಾರೆ.

ಫ್ರಿಜ್ಜಲ್ಲಿಟ್ಟ ಚಾಕೊಲೇಟ್ ಮೇಲೆ ಬಿಳಿ ಬಿಳಿ. ಬೂಸ್ಟಾ? (ಕೊಪ್ಪ)

ಬಹುಶಃ ಅಲ್ಲ. ಬೆರಳಲ್ಲಿ ಉಜ್ಜಿ, ಜಾರಿ ಕರಗಿದ್ರೆ ಕೊಬ್ಬು ಮೇಲೆ ಬಂದಿದ್ದು, ತರಿತರಿ ಅನ್ಸಿದ್ರೆ ನೀರು ಕೂತು ಸಕ್ಕರೆ ಹೊರಗೆ ಬಂದಿದ್ದು. ಎರಡನ್ನೂ ತಿನ್ಬಹುದು. ಮಲೆನಾಡಿನ ಮಳೆಗಾಲದಲ್ಲಿ ಫ್ರಿಜ್ಜಿಂದ ತೆಗೆದು ಡಬ್ಬಿ ತಕ್ಷಣ ತೆಗೆದ್ರೆ ನೀರು ಕೂರೋದೇ, ಹೊರಗಿನ ಬಿಸಿಗೆ ಬಂದ ಮೇಲೆ ಮುಚ್ಚಳ ತೆಗೀರಿ. ಆದ್ರೆ ಬಾಳೆಹಣ್ಣು, ಹಸಿ ತೆಂಗಿನಕಾಯಿ ಹಾಕಿದ್ದರ ಮೇಲೆ ಕೂದಲು ಥರ ಬಿಳಿ ಕಂಡ್ರೆ ಅದು ಬೂಸ್ಟೇ, ಎಸೀರಿ, ಅಂಥವನ್ನ ಎರಡು ದಿನದೊಳಗೆ ಮುಗಿಸ್ಬೇಕು.

ಸಕ್ಕರೆ ಇಲ್ಲದ್ದು ತಾನೇ, ನಾಯಿಗೂ ಒಂದು ತುಂಡು ಹಾಕ್ಲಾ? (ಭದ್ರಾವತಿ)

ಖಂಡಿತ ಬೇಡ. ಅದಕ್ಕೆ ವಿಷ ಆಗೋದು ಸಕ್ಕರೆ ಅಲ್ಲ, ಕೋಕೋದಲ್ಲಿರೋ ಥಿಯೋಬ್ರೊಮಿನ್, ಮತ್ತೆ ನಾವು ಸಿಹಿ ಕಮ್ಮಿ ಮಾಡಿ ಕೋಕೋ ಹೆಚ್ಚು ಮಾಡಿದಷ್ಟೂ ಅದು ಜಾಸ್ತಿ. ಆಗಲೇ ತಿಂದಿದ್ರೆ ಕಾಯ್ತಾ ಕೂರದೆ ಪಶುವೈದ್ಯರಿಗೆ ಫೋನ್ ಮಾಡಿ.