ಏರ್ ರೈಫಲ್ ಸ್ಕೋಪನ್ನು ಎಷ್ಟು ಮೀಟರಿಗೆ ಝೀರೋ ಮಾಡಬೇಕು?

0.177 (ನಳಿಗೆಯ ಒಳಗಿನ ಅಗಲ, ಇಂಚಿನಲ್ಲಿ) ಏರ್ ರೈಫಲ್‌ಗೆ ಹೊಸದಾಗಿ ಸ್ಕೋಪ್ ಕೂರಿಸಿದ್ದೇನೆ, ಮನೆ ಹಿಂದೆ 30 ಮೀಟರ್ ಜಾಗ ಇದೆ, ಡಬ್ಬ ಹೊಡೆಯುವುದಕ್ಕೆ ಅಷ್ಟೆ, 10 ಮೀಟರಿಗೆ ಝೀರೋ ಮಾಡಲೋ 50ಕ್ಕೋ ಅಂತ ಕೇಳಿದ್ದೀರಿ. ಎರಡೂ ಬೇಡ. 25ಕ್ಕೆ ಮಾಡಿ. (ಝೀರೋ ಅಂದರೆ ಆ ದೂರದಲ್ಲಿ ಸ್ಕೋಪಿನ ಕ್ರಾಸ್‌ಹೇರ್, ಅಂದರೆ ಒಳಗಿನ ಅಡ್ಡ-ಉದ್ದ ಗೆರೆ, ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸುವುದು.) ನಾನೂ ಮೊದಲು 10ಕ್ಕೇ ಮಾಡಿ ಬೇಸ್ತು ಬಿದ್ದವನು, ಅದಕ್ಕೆ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ನಮ್ಮದು ಕಾರ್ಕಳದ ಹತ್ತಿರ ಅಡಿಕೆ ತೋಟ. ಸ್ಕೋಪ್ ಬಂದ ದಿನ ಜಗಲಿಯಲ್ಲಿ ಕೂತು ಅಂಗಳದ ಆಚೆ 10 ಮೀಟರಿಗೆ ಝೀರೋ ಮಾಡಿದೆ. ಎಲ್ಲ ಒಂದೇ ತೂತಿಗೆ ಬೀಳುತ್ತಿತ್ತು. ಖುಷಿಯಲ್ಲಿ ತೋಟಕ್ಕೆ ಇಳಿದು 20 ಮೀಟರಿನಲ್ಲಿ ಹೊಡೆದರೆ ಒಂದೂವರೆ ಸೆಂಟಿಮೀಟರ್ ಮೇಲೆ! ಇನ್ನೂ ದೂರ ಹೋದರೆ ಇನ್ನೂ ಮೇಲೆ ಹೋಗಬೇಕಲ್ವಾ? 30ರಲ್ಲಿ ಹೊಡೆದೆ. ಮತ್ತೆ ಸರಿಯಾಗಿ ನಡುವಿಗೆ. ಬಂದೂಕೇ ಹಾಳು ಅಂತ ತೀರ್ಮಾನ ಮಾಡಿದೆ. ನೋಡುತ್ತಾ ನಿಂತಿದ್ದ ಮಾವ, "ಎಂತ ಮಾರಾಯ, ನಿನ್ನ ಗುಂಡು ದಾರಿ ಮಧ್ಯೆ ಗುಡ್ಡ ಹತ್ತಿ ಇಳಿಯುತ್ತದಾ?" ಅಂತ ನಕ್ಕರು.

ತಮಾಷೆಗೆ ಹೇಳಿದ್ದಾದರೂ ಮಾವ ಹೇಳಿದ್ದೇ ಸರಿ. ಸ್ಕೋಪ್ ಬ್ಯಾರೆಲ್‌ಗಿಂತ ಸುಮಾರು 4 ಸೆಂಟಿಮೀಟರ್ ಮೇಲೆ ಕೂತಿರುತ್ತದೆ. ನಮ್ಮ ನೋಟ ನೆಟ್ಟಗೆ ಹೋಗುತ್ತದೆ. ಪೆಲ್ಲೆಟ್ (ಏರ್ ರೈಫಲ್ ಗುಂಡು) ಅದರ ಕೆಳಗಿನಿಂದ ಹೊರಟು, ಚೂರು ಏರಿ ನೋಟದ ಗೆರೆ ದಾಟುತ್ತದೆ. ಆಮೇಲೆ ಇಳಿಯುತ್ತಾ ಅದೇ ಗೆರೆಯನ್ನು ಇನ್ನೊಮ್ಮೆ ದಾಟುತ್ತದೆ. ಹಾಗಾಗಿ ಝೀರೋ ಒಂದಲ್ಲ, ಎರಡು. ನನ್ನ ರೈಫಲ್‌ಗೆ 10 ಮೊದಲನೆಯದು, 30 ಎರಡನೆಯದು.

ಹಾಗಾದರೆ 10ಕ್ಕೆ ಮಾಡಿದರೆ 30 ಪುಕ್ಕಟೆ ಸಿಕ್ಕಿತಲ್ಲ ಅನ್ನಬಹುದು. ಆದರೆ 10ರಲ್ಲಿ 2 ಮಿಲಿಮೀಟರ್ ತಪ್ಪಿದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. 30ರಲ್ಲಿ ಅದೇ ತಪ್ಪು 6 ಮಿಲಿಮೀಟರ್. ಜೊತೆಗೆ ಅಗ್ಗದ ಸ್ಕೋಪುಗಳಲ್ಲಿ 10 ಮೀಟರ್ ಮಂಜು ಮಂಜಾಗಿ ಕಾಣುತ್ತದೆ. ತಲೆ ಚೂರು ಅಲುಗಿದರೂ ಕ್ರಾಸ್‌ಹೇರ್ ಗುರಿಯ ಮೇಲೆ ಜಾರುತ್ತದೆ.

25ಕ್ಕೆ ಝೀರೋ ಮಾಡಿದ ಮೇಲೆ ನನ್ನದು ಹೀಗಿದೆ: 10ರಲ್ಲಿ ಅರ್ಧ ಸೆಂಟಿಮೀಟರ್ ಕೆಳಗೆ, 20ರಲ್ಲಿ ಅರ್ಧ ಸೆಂಟಿಮೀಟರ್ ಮೇಲೆ, 30ರಲ್ಲಿ ಒಂದೂಕಾಲು ಸೆಂಟಿಮೀಟರಿನಷ್ಟು ಕೆಳಗೆ. ಡಬ್ಬ ಹೊಡೆಯುವವರಿಗೆ ಇದು ಲೆಕ್ಕಕ್ಕೇ ಇಲ್ಲ, ಸುಮ್ನೆ ನಡುವಿಗೆ ಹಿಡಿದು ಹೊಡೆಯಬಹುದು. 40ಕ್ಕೆ ಹೋದರೆ ಮಾತ್ರ 6–7 ಸೆಂಟಿಮೀಟರ್ ಬೀಳುತ್ತದೆ. 50ಕ್ಕೆ ಝೀರೋ ಮಾಡಿದರೆ ಉಲ್ಟಾ ಕಥೆ: 25ರಲ್ಲಿ ಒಂದು ಅಂಗೈ ಅಗಲ ಮೇಲೆ ಹೊಡೆಯುತ್ತದೆ. ನಿಮ್ಮ ಜಾಗವೇ 30 ಮೀಟರ್, 50 ಯಾಕೆ ಬೇಕು? ಅಂದ ಹಾಗೆ, ಇದು ಸೆಕೆಂಡಿಗೆ 220 ಮೀಟರ್ ಆಸುಪಾಸಿನ ವೇಗ, ಅರ್ಧ ಗ್ರಾಂ ಚಿಲ್ಲರೆ ತೂಕದ ಪೆಲ್ಲೆಟ್‌ನ ಲೆಕ್ಕ. ನಿಮ್ಮದರಲ್ಲಿ ಚೂರು ಆಚೀಚೆ ಆಗುತ್ತದೆ.

ದೂರ ಅಳೆಯುವುದು ನಮಗೆ ಸುಲಭ. ಅಡಿಕೆಯನ್ನು 9 ಅಡಿಗೆ ಒಂದರಂತೆ ನೆಟ್ಟಿದ್ದೇವೆ. ಹತ್ತು ಮರ ಎಣಿಸಿದರೆ ಒಂಬತ್ತು ಸಂದು, 81 ಅಡಿ. 25 ಮೀಟರಿಗೆ ಒಂದಡಿ ಕಡಿಮೆ, ಸಾಕು. ನಿಮ್ಮಲ್ಲಿ ತೋಟ ಇಲ್ಲದಿದ್ದರೆ ಟೇಪ್ ಹಿಡಿಯಿರಿ, ಹೆಜ್ಜೆ ಲೆಕ್ಕ ನಂಬಬೇಡಿ. ಹಿಂದೆ ಮೆತ್ತನೆ ಮಣ್ಣಿನ ಬರೆ ಇರಲಿ, ಇಲ್ಲದಿದ್ದರೆ ಮರಳು ತುಂಬಿದ ಗೋಣಿಚೀಲ ಪೇರಿಸಿ. ಕೆಂಪುಕಲ್ಲಿನ ಪಾಗಾರಕ್ಕೆ ಹೊಡೆದರೆ ಪೆಲ್ಲೆಟ್ ಸಿಡಿದು ವಾಪಸ್ ಬರುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಒಂದು ಗುಂಡು ಹೊಡೆದು ಸ್ಕೋಪಿನ ತಿರುಪನ್ನು ಕ್ಲಿಕ್ ಕ್ಲಿಕ್ ಅಂತ ತಿರುಗಿಸಬೇಡಿ. ಐದು ಹೊಡೆಯಿರಿ, ಆ ಐದರ ನಡು ಎಲ್ಲಿದೆ ನೋಡಿ, ಆಮೇಲೆ ತಿರುಗಿಸಿ. ಒಂದು ಕ್ಲಿಕ್‌ಗೆ ಕಾಲು ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು) ಸರಿಯುವ ಸ್ಕೋಪ್ ಆದರೆ 25 ಮೀಟರಿನಲ್ಲಿ ಒಂದು ಕ್ಲಿಕ್‌ಗೆ 2 ಮಿಲಿಮೀಟರಿಗಿಂತ ಚೂರು ಕಡಿಮೆ. ಒಂದು ಸೆಂಟಿಮೀಟರ್ ಸರಿಸಲು ಐದಾರು ಕ್ಲಿಕ್. ಸ್ಪ್ರಿಂಗ್ ರೈಫಲ್ ಆಗಿದ್ದರೆ ಗಟ್ಟಿಯಾಗಿ ಅವುಚಿ ಹಿಡಿಯಬೇಡಿ. ಮುಂದಿನ ಕೈ ಅಂಗೈಯನ್ನು ಚೀಲದ ಮೇಲಿಟ್ಟು, ಅದರ ಮೇಲೆ ರೈಫಲ್ ಸುಮ್ಮನೆ ಕೂರಲಿ. ಅದು ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಹಿಡಿತ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಆ ಒದೆತಕ್ಕೇ ಸ್ಕೋಪಿನ ಮೌಂಟ್ ಸಡಿಲ ಆಗುವುದೂ ಇದೆ, ಮೊದಲೇ ಸ್ಕ್ರೂ ನೋಡಿಕೊಳ್ಳಿ.

ಸ್ಪರ್ಧೆಗೆ ಹೋಗುವವರಾದರೆ ಈ ಯೋಚನೆಯೇ ಬೇಡ. ಏರ್ ರೈಫಲ್‌ಗೆ 10 ಮೀಟರ್, ಪಾಯಿಂಟ್ ಟೂ ಟೂ (0.22 ಇಂಚಿನ) ರೈಫಲ್‌ಗೆ 50, ನಿಯಮವೇ ಹೇಳುತ್ತದೆ. ಇನ್ನು ನಳಿಗೆ 0.177 ಇಂಚು, ಗುಂಡಿನ ಶಕ್ತಿ 20 ಜೂಲ್‌ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ ನಿಜ. ಹಾಗಂತ ತೆಂಗಿನ ಮರದ ನವಿಲಿನ ಕಡೆ ತಿರುಗಿಸಿದರೆ ಜೈಲು.

ಪೆಲ್ಲೆಟ್ ಬ್ರಾಂಡ್ ಬದಲಿಸಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು, ಒಂದೇ ಥರದ್ದು ಮೂರ್ನಾಲ್ಕು ಡಬ್ಬಿ ತೆಗೆದಿಡಿ. ಝೀರೋ ಆದ ಮೇಲೆ 10, 20, 30ರಲ್ಲಿ ಎಷ್ಟೆಷ್ಟು ಮೇಲೆ ಕೆಳಗೆ ಅಂತ ಚೀಟಿ ಬರೆದು ರೈಫಲ್ ಹಿಡಿಗೆ ಅಂಟಿಸಿ. ನನ್ನ ಚೀಟಿ ಮೊದಲ ಮಳೆಗೇ ಕರಗಿ ಹೋಯಿತು, ಈಗ ಪೆನ್ಸಿಲಿನಲ್ಲಿ ಬರೆದು ಮೇಲೆ ಸೆಲೋಟೇಪ್ ಹಾಕಿದ್ದೇನೆ.