ಆಂಟಿಗುವಾದ ಹಳೇ ಡಾಕ್‌ಯಾರ್ಡ್ ಹೋಟೆಲಲ್ಲಿ ರಾತ್ರಿ ಉಳಿಯಬೇಕಾ, ಹಗಲು ನೋಡಿ ಬಂದರೆ ಸಾಲದಾ?

ನಾಲ್ಕು ದಿನಕ್ಕೆ ಕೆರಿಬಿಯನ್ ದ್ವೀಪ ಆಂಟಿಗುವಾಗೆ ಹೋಗುತ್ತಿದ್ದೀರಿ. ಇಂಗ್ಲಿಷ್ ಹಾರ್ಬರ್‌ನ ಹಳೇ ಹೋಟೆಲಿಗೆ ಒಂದು ರಾತ್ರಿಗೆ ಅಷ್ಟೊಂದು ದುಡ್ಡು ಕೊಡಬೇಕಾ, ಹಗಲು ನೋಡಿಕೊಂಡು ಬೀಚ್ ಕಡೆ ವಾಪಸ್ ಬಂದರೆ ಆಗಲ್ವಾ ಅಂತ ಕೇಳಿದ್ದೀರಿ.

ಉಳಿಯಿರಿ. ಎರಡು ರಾತ್ರಿ ಬೇಡ, ಒಂದು ಸಾಕು.

ಇಂಗ್ಲಿಷ್ ಹಾರ್ಬರ್‌ನಲ್ಲಿ ಬ್ರಿಟಿಷ್ ನೌಕಾಪಡೆ ಹಡಗು ರಿಪೇರಿ ಮಾಡುತ್ತಿದ್ದ ಹಳೇ ಜಾಗವೇ ನೆಲ್ಸನ್ಸ್ ಡಾಕ್‌ಯಾರ್ಡ್. ನಾನೂ ನನ್ನ ಹೆಂಡತಿಯೂ ಅದರೊಳಗಿನ ಅಡ್ಮಿರಲ್ಸ್ ಇನ್ ಹೋಟೆಲಲ್ಲಿ ಉಳಿದಿದ್ದೆವು. ಹಗಲಿನ ಡಾಕ್‌ಯಾರ್ಡ್ ಅಂದರೆ ಬಿಸಿಲು, ಗೈಡ್ ಹಿಂದೆ ಜನರ ಸಾಲು, ಮ್ಯೂಸಿಯಂ, ಟೀಶರ್ಟ್ ಅಂಗಡಿ. ಕ್ರೂಸ್ ಹಡಗುಗಳು ನಿಲ್ಲುವುದು ರಾಜಧಾನಿ ಸೇಂಟ್ ಜಾನ್ಸ್‌ನಲ್ಲಿ. ಅಲ್ಲಿಂದ ವ್ಯಾನ್ ಹತ್ತಿ ಬಂದವರಿಗೆ ಹಡಗು ಹೊರಡುವ ಮುಂಚೆ ವಾಪಸ್ ಸೇರುವ ಅವಸರ. ಸಂಜೆ ಐದೂವರೆ ಆಗುತ್ತಿದ್ದಂತೆ ಜಾಗ ಖಾಲಿ, ಜಾತ್ರೆ ಮುಗಿದ ತೇರುಬೀದಿ ಥರ. ನೀವು ದುಡ್ಡು ಕೊಡುವುದು ಆ ಹೊತ್ತಿಗೆ.

ಹೋಟೆಲ್ ಕಟ್ಟಡ 1788ರದ್ದು. ಕೆಳಗೆ ಹಡಗಿನ ಸಂದಿಗೆ ಮೆತ್ತುವ ಡಾಂಬರು, ಟರ್ಪೆಂಟೈನ್ ಇಡುವ ಉಗ್ರಾಣ, ಮೇಲೆ ಎಂಜಿನಿಯರುಗಳ ಕಚೇರಿ. ಈಗ ಆ ಕಚೇರಿಯ ಜಾಗದಲ್ಲೇ ಮಲಗುತ್ತೀರಿ. ತಮಾಷೆ ಏನಂದರೆ, ಊರೆಲ್ಲಾ ಬ್ರಿಟಿಷ್ ನೌಕಾಪಡೆಯ ಹೆಸರಾಂತ ಅಡ್ಮಿರಲ್ ನೆಲ್ಸನ್ ಹೆಸರು ಹೇಳುತ್ತದೆ. ಆದರೆ ಅವನು 1784ರಲ್ಲಿ ಬಂದಾಗ ಬರೀ ಕ್ಯಾಪ್ಟನ್, 1787ರಲ್ಲಿ ಹೊರಟೂ ಹೋದ. ಈ ಕಟ್ಟಡ ಆದದ್ದು ಅದರ ಮರುವರ್ಷ! ಕಲ್ಲು ಹೊತ್ತು ಡಾಕ್‌ಯಾರ್ಡ್ ಕಟ್ಟಿದವರು ಆಫ್ರಿಕಾ ಮೂಲದ ಗುಲಾಮರು. ಅವರ ಹೆಸರಿನ ಹೋಟೆಲ್ ಇಲ್ಲ. ಜಾಗಕ್ಕೆ 2016ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣದ ಪಟ್ಟ ಸಿಕ್ಕಿದೆ.

ಹೋಟೆಲ್ ಪಕ್ಕದಲ್ಲೇ ನೀರಂಚಿಗೆ ದಪ್ಪ ದಪ್ಪ ಕಲ್ಲುಕಂಬಗಳ ಸಾಲಿದೆ. ಮೇಲೆ ಸೂರಿಲ್ಲ. ಹಿಂದೆ ಮೇಲಂತಸ್ತಿನಲ್ಲಿ ಹಾಯಿಬಟ್ಟೆ ಹೊಲಿಯುತ್ತಿದ್ದರು, ಕೆಳಗೆ ದೋಣಿಗಳು ಬಂದು ನಿಲ್ಲುತ್ತಿದ್ದವು. ಹಗಲು ಅಲ್ಲಿ ಫೋಟೋ ತೆಗೆಸಿಕೊಳ್ಳೋಕೆ ಕ್ಯೂ. ರಾತ್ರಿ ಊಟ ಆದಮೇಲೆ ನಾವಿಬ್ಬರೇ ಹೋಗಿ ನಿಂತೆವು. ಕಂಬ ಮುಟ್ಟಿದರೆ ಹಗಲಿನ ಬಿಸಿ ಇನ್ನೂ ಇತ್ತು. ಒಂದನ್ನು ತಬ್ಬಿ ನೋಡಿದೆ, ಎರಡು ಕೈ ಸೇರಲಿಲ್ಲ. ಆಕೆ ಆ ಕಡೆಯಿಂದ ಕೈ ಚಾಚಿದಳು, ಆಗಲೂ ಬೆರಳು ಮುಟ್ಟಲಿಲ್ಲ. ಇಬ್ಬರೂ ಸುಮ್ನೆ ನಗುತ್ತಾ ನಿಂತಿದ್ದೆವು. ಹಾಯಿದೋಣಿಗಳ ಹಗ್ಗ ಗಾಳಿಗೆ ಪಟಗಂಬಕ್ಕೆ ಬಡಿದು ಟಿಣ್ ಟಿಣ್ ಅನ್ನುತ್ತಿತ್ತು.

ಬೆಳಿಗ್ಗೆ ಆರಕ್ಕೆ ಎದ್ದು ಬಂದರಿನ ಬಾಯಲ್ಲಿರುವ ಫೋರ್ಟ್ ಬರ್ಕ್ಲಿಗೆ ನಡೆಯಿರಿ. ದೂರ ಏನಿಲ್ಲ. ಸುತ್ತ ಗುಡ್ಡ, ನಡುವೆ ಸೊಂಟ ತಿರುಗಿಸಿಕೊಂಡು ಒಳಗೆ ಬರುವ ನೀರು. ಚಂಡಮಾರುತದ ಕಾಲದಲ್ಲಿ ಹಡಗು ಬಚ್ಚಿಡಲು ಬ್ರಿಟಿಷರು ಇದನ್ನೇ ಏಕೆ ಆರಿಸಿಕೊಂಡರು ಅಂತ ಅಲ್ಲಿ ನಿಂತರೆ ಯಾರೂ ಹೇಳಿಕೊಡುವುದು ಬೇಡ.

ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಶರ್ಲಿ ಹೈಟ್ಸ್ ಗುಡ್ಡದ ಮೇಲೆ ಭಾನುವಾರ ಸಂಜೆ ಸ್ಟೀಲ್ ಬ್ಯಾಂಡ್ ಇರುತ್ತದೆ ಅಂತ ಭಾನುವಾರವೇ ಹೊರಟೆವು. ಸೇಂಟ್ ಜಾನ್ಸ್‌ನ ಮಾರ್ಕೆಟ್ ಹತ್ತಿರ 17ನೇ ನಂಬರ್ ಬಸ್ಸಿಗೆ ಒಂದು ಗಂಟೆ ಕಾದೆವು. ಭಾನುವಾರ ಬಸ್ ತೀರಾ ಕಡಿಮೆ ಅಂತ ನಾನು ವಿಚಾರಿಸಿರಲೇ ಇಲ್ಲ. ಕೊನೆಗೆ ಟ್ಯಾಕ್ಸಿ. ಮೀಟರ್ ಇರಲ್ಲ, ಹತ್ತುವ ಮುಂಚೆ ರೇಟ್ ಕೇಳಿ. ಯಾವ ಡಾಲರ್ ಅಂತಲೂ ಕೇಳಿ, ಅಮೆರಿಕದ ಒಂದು ಡಾಲರಿಗೆ ಅಲ್ಲಿಯದು 2.70.

ಟ್ಯಾಕ್ಸಿಯವರು ವಯಸ್ಸಾದವರು. ಬೆಂಗಳೂರು ಅಂದ ತಕ್ಷಣ ಸ್ಟಿಯರಿಂಗ್‌ನಿಂದ ಒಂದು ಕೈ ತೆಗೆದು ದವಡೆಯಿಂದ ನೆತ್ತಿವರೆಗೆ ಬ್ಯಾಂಡೇಜ್ ಸುತ್ತುವ ಹಾಗೆ ಮಾಡಿ ತೋರಿಸಿದರು. ಕುಂಬ್ಳೆ! 2002ರ ಟೆಸ್ಟ್ ನಡೆದದ್ದು ಸೇಂಟ್ ಜಾನ್ಸ್‌ನ ಹಳೇ ಮೈದಾನದಲ್ಲಿ. ದವಡೆ ಮುರಿದುಕೊಂಡೂ 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದದ್ದನ್ನು ದಾರಿಯುದ್ದಕ್ಕೂ ಹೇಳಿದರು. ನಮಗೆ ಗೊತ್ತಿದ್ದ ಕಥೆಯೇ, ಆದರೂ ಮಧ್ಯೆ ಬಾಯಿ ಹಾಕಲಿಲ್ಲ. ಅಂದಹಾಗೆ ಅಲ್ಲಿಯವರು ದ್ವೀಪವನ್ನು 'ಆಂಟೀಗ' ಅಂತಾರೆ.

ಊಟಕ್ಕೆ ಒಮ್ಮೆ ಫೂಂಜಿ ತಿನ್ನಿ. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ತೊಳಸಿ, ಬೆಣ್ಣೆ ಸವರಿದ ಬಟ್ಟಲಲ್ಲಿ ಉರುಳಿಸಿ ಉಂಡೆ ಮಾಡುತ್ತಾರೆ. ನಮ್ಮ ಮುದ್ದೆಯ ತಮ್ಮ ಅನ್ನಿ. ಜೊತೆಗೆ ಕೊಡುವುದು ಸಾಮಾನ್ಯವಾಗಿ ಉಪ್ಪುಮೀನು ಅಥವಾ ಮಾಂಸ, ನೀವು ಸಸ್ಯಾಹಾರಿಗಳಾದರೆ ಮೊದಲೇ ಹೇಳಿ.

ಏಪ್ರಿಲ್‌ನಲ್ಲಿ ಹಾಯಿದೋಣಿಗಳ ರೇಸ್ ಇರುತ್ತದೆ, ಆಗ ರೂಮು ಸಿಗುವುದು ಕಷ್ಟ, ಸದ್ದೂ ಜಾಸ್ತಿ. ಆ ಟಿಣ್ ಟಿಣ್ ಮಾತ್ರ ಯಾವ ತಿಂಗಳಲ್ಲೂ ಇದ್ದದ್ದೇ. ನಿದ್ದೆ ಸೂಕ್ಷ್ಮ ಇದ್ದರೆ ಕಿವಿಗೆ ಹತ್ತಿ ಇಟ್ಟುಕೊಂಡಿರಿ. ನನ್ನ ಹೆಂಡತಿ ಇಟ್ಟುಕೊಂಡಿದ್ದಳು, ನಾನು ಬೇಕಂತಲೇ ಇಟ್ಟುಕೊಳ್ಳಲಿಲ್ಲ.